ನಡುವಿಗೆ ಬಾರದ ಗಿಣಿ

ಬೆಳಕವಾಡಿಯ ಮಾದಯ್ಯನಿಗೆ ಅಕ್ಷರ ಬಂದದ್ದು ಶಾಲೆಯಲ್ಲಲ್ಲ, ಟೆಂಟು ಸಿನಿಮಾದಲ್ಲಿ, ಅದೂ ತಲೆಕೆಳಗಾಗಿ.

ಐವತ್ತು ವರ್ಷದ ಹಿಂದಿನ ಮಾತು ಅನ್ನಿ. ಮಳವಳ್ಳಿಯಾಚೆ ಗದ್ದೆ ಕುಯ್ದ ಬಯಲಿನಲ್ಲಿ ಡೇರೆ ಹೊಡೆಯುತ್ತಿದ್ದ ಆ ಟೆಂಟಿನಲ್ಲಿ ಯೋಗಾನರಸಿಂಹರು ಮಿಷನ್ ಬಿಡುವ ಆಪರೇಟರು, ಮಾದಯ್ಯ ಸ್ಲೈಡು ಇಡುವ ಆಳು. ಸ್ಲೈಡು ಅಂದರೆ ಆಗ ಅಂಗೈ ಅಗಲದ ಗಾಜು. ಅದಕ್ಕೆ ಸೀಮೆಎಣ್ಣೆ ಬುಡ್ಡಿಯ ಮಸಿ ಹಿಡಿಸಿ, ದಬ್ಬಳದ ಮೊನೆಯಲ್ಲಿ ಗೀಚಿ, ಮಿಷನ್ನಿನ ಬಾಯಿಗೆ ಸಿಕ್ಕಿಸಿದರೆ ಗೀಚಿದ್ದೆಲ್ಲ ಬೆಳ್ಳಗೆ ಆಳೆತ್ತರವಾಗಿ ತೆರೆಯ ಮೇಲೆ ಹೋಗಿ ನಿಲ್ಲುತ್ತಿತ್ತು. 'ಬೀಡಿ ಸೇದಬಾರದು.' 'ನಾಳೆಯಿಂದ ಬೇರೆ ಚಿತ್ರ.' ಒಂದೊಂದು ದಿನ ಆಟದ ನಡುವೆಯೇ, 'ಮರಿಯಯ್ಯನವರು ಕೂಡಲೆ ಮನೆಗೆ ಹೋಗುವುದು, ಎಮ್ಮೆ ಈಯುತ್ತಿದೆ.' ಟೆಂಟಿಗೆ ಟೆಂಟೇ ನಗುತ್ತಿತ್ತು. ಮರಿಯಯ್ಯ ಮಾತ್ರ ಪಂಚೆ ಎತ್ತಿ ಕಟ್ಟಿ ಕತ್ತಲಲ್ಲಿ ಕಾಲು ತುಳಿಯುತ್ತ ಓಡುತ್ತಿದ್ದ.

ಗಾಜನ್ನು ತಲೆಕೆಳಗು ಇಟ್ಟರೆ ತೆರೆಯ ಮೇಲೆ ನೆಟ್ಟಗೆ ಬೀಳುತ್ತದೆ. ಹಾಗಾಗಿ ಮಾದಯ್ಯ ಕಲಿತ ಅ ಆ ಇ ಈ ಎಲ್ಲ ಕಾಲು ಮೇಲೆ ಮಾಡಿಕೊಂಡವು. ಈಗಲೂ ಯಾರಾದರೂ ಪೇಪರು ಕೊಟ್ಟರೆ ತಿರುಗಿಸಿ ಹಿಡಿದೇ ಓದುತ್ತಾನೆ. ನೋಡಿದವರು ನಗುತ್ತಾರೆ. ನಗಲಿ ಬಿಡಿ.

ಯೋಗಾನರಸಿಂಹರದು ಒಂದೇ ಕಟ್ಟಳೆ. ಸ್ಲೈಡು ತೆರೆಯ ನಟ್ಟನಡುವೆ ಬೀಳಬೇಕು. ಒಂದು ಬೆರಳು ಅತ್ತ ಸರಿದರೂ ಕತ್ತಲಲ್ಲೇ ಅವರ ಮೊಣಕೈ ಮಾದಯ್ಯನ ಪಕ್ಕೆಗೆ ತಗುಲುತ್ತಿತ್ತು. "ನಡುವಿಗೆ ತಗೋಳಯ್ಯಾ, ನಡುವಿಗೆ! ಬಂದೋರು ಕತ್ತು ಉಳುಕಿಸ್ಕೊಂಡು ಮನೆಗೆ ಹೋಗ್ಬೇಕೇನು?" ಆ ಮಾತು ಮಾದಯ್ಯನ ಮೈಗೇ ಇಳಿದುಬಿಟ್ಟಿತು. ಇವತ್ತಿಗೂ ಅವನು ದೇವರ ಪಟವನ್ನು ಗೋಡೆಯ ನಡುವೆಯೇ ಹೊಡೆಯುತ್ತಾನೆ. ಊಟದ ಎಲೆಯ ನಡುವೆ ಮುದ್ದೆ ಇರದಿದ್ದರೆ ಸರಿಸಿಕೊಂಡು ಉಣ್ಣುತ್ತಾನೆ.

ಆ ಗಾಜುಗಳಲ್ಲಿ ಒಂದಕ್ಕೆ ಮಾತ್ರ ಬಣ್ಣವಿತ್ತು. ಯೋಗಾನರಸಿಂಹರ ಹೆಂಡತಿ ಶ್ರೀಮತಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ಬೇಸರ ಕಳೆಯಲು, ಒಂದು ಗಿಣಿ ಬರೆದುಕೊಟ್ಟಿದ್ದರು. ಫೋಟೋಗೆ ಹಚ್ಚುವ ಹಸಿರು ಬಣ್ಣದ ಗಿಣಿ, ಅದರ ಕೆಂಪು ಕೊಕ್ಕಿನಲ್ಲಿ 'ಸುಸ್ವಾಗತ' ಎಂಬ ಮಾಲೆ. ಆಟಕ್ಕೆ ಮುಂಚೆ ನಾದಸ್ವರದ ಗ್ರಾಮಫೋನ್ ತಟ್ಟೆ ಹಾಕಿ ಆ ಗಾಜನ್ನು ಇಟ್ಟರೆ ಮುಂದೆ ಮರಳ ಮೇಲೆ ಕೂತವರ ಮುಖಗಳೆಲ್ಲ ಭತ್ತದ ಪೈರಿನ ಹಾಗೆ ಹಸಿರಾಗುತ್ತಿದ್ದವು. ಬೆಳಕಿನ ಕೋಲಿನೊಳಗೆ ಬೀಡಿ ಹೊಗೆ, ದೀಪದ ಹುಳ, ಅದರ ಕೊನೆಯಲ್ಲಿ ಗಿಣಿ. ಮಾದಯ್ಯನಿಗೆ ಕನಸು ಅಂತ ಬೀಳುವುದಾದರೆ ಈಗಲೂ ಅದೇ ಬೀಳುತ್ತದೆ.

ಟೆಂಟು ಎತ್ತಿದ ಮೇಲೆ ಗಾಜುಗಳು ಮಾದಯ್ಯನ ಮನೆಗೆ ಬಂದವು. ಯೋಗಾನರಸಿಂಹರು ಮಂಡ್ಯ ಸೇರಿದರು.

ಈ ಸಲ ಯುಗಾದಿ ಕಳೆದು ಮಾದಯ್ಯ ಮಂಡ್ಯಕ್ಕೆ ಅವರನ್ನು ನೋಡಲು ಹೋದ. ಎಂದಿನಂತೆ ಹೊಸಿಲಿನ ಪಕ್ಕ ಕೂತು, "ಸ್ವಾಮೀ, ನಾನು ಮಾದಯ್ಯ" ಅಂದ.

"ಗೊತ್ತು ಕಣೋ. ಕಣ್ಣಿನ ನಡು ಹೋಗಿದೆಯಲ್ಲ, ನೆಟ್ಟಗೆ ನೋಡಿದ್ರೆ ನೀನಿಲ್ಲ. ಅಲ್ಲೊಂದು ಬೂದಿ ಗುಡ್ಡೆ ಇದೆ. ಆ ಬಾಗಿಲು ನೋಡ್ತಾ ಕೂತ್ರೆ ಅಂಚಿನಲ್ಲಿ ನಿನ್ನ ಟವೆಲ್ಲು ಬರುತ್ತೆ. ಹಾಂ, ಬಂತು ಅಂತ ನೋಡೋಕೆ ತಿರುಗಿದ್ನೋ, ಹೋಯ್ತು."

"ಒಳ್ಳೆ ಕಳ್ಳನ ತರ ಆಯ್ತಲ್ಲ ಸ್ವಾಮಿ ನನ್ ಟವಲ್ಲು."

"ಎಲ್ಲವೂ ಕಳ್ಳರೇ. ನಮ್ಮ ಶ್ರೀಮತೀನೂ ಅಷ್ಟೇ, ಅಂಚಿನಲ್ಲಿ ಬಂದು ಬೈದು ಹೋಗ್ತಾಳೆ."

ಒಳಗಿಂದ ಶ್ರೀಮತಮ್ಮನವರ ದನಿ ಬಂತು. "ಎದುರಿಗೆ ಬಂದು ಬೈದ್ರೂ ಕೇಳದೋರಿಗೆ ಅಂಚೇ ಗತಿ!"

ನಗು ಮುಗಿದ ಮೇಲೆ ಯೋಗಾನರಸಿಂಹರು ಮೆಲ್ಲಗೆ ಕೇಳಿದರು. "ಮಾದಯ್ಯ, ಆ ಗಿಣಿ ಇದೆಯೇನೋ?"

"ಅದೆ ಸ್ವಾಮಿ. ಬಣ್ಣ ಚಕ್ಕೆ ಏಳ್ತಾ ಅದೆ. ಉಸ್ರು ಬುಟ್ರೂ ಉದುರ್ತದೆ, ಅದಕ್ಕೆ ಹೊರಗೇ ತೆಗಿಯಲ್ಲ."

"ಈ ಅಂಚೂ ಉಳಿಯಲ್ಲವಂತೆ. ಶ್ರಾವಣ ಕಳೆಯೋದ್ರೊಳಗೆ ಮುಚ್ಚಿಕೊಳ್ಳುತ್ತೆ ಅಂತ ಡಾಕ್ಟ್ರು ಹೇಳಿದಾರೆ. ಅದಕ್ಕೆ ಮುಂಚೆ ಅದನ್ನೊಂದ್ಸಲ ತೆರೆ ಮೇಲೆ ನೋಡಿಬಿಡ್ಬೇಕು ಅಂತ ಆಸೆ. ಇವಳು ಅದೊಂದೇ ಬರೆದದ್ದು. ಆಮೇಲೆ ಬರೀ ರಂಗೋಲಿ."

ಜ್ಯೇಷ್ಠದಲ್ಲಿ ಅವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಇಟ್ಟಿದ್ದರು. ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಮಕ್ಕಳು ಮಾಡಿಸುವ ಶಾಂತಿ ಅದು. ಅವತ್ತೇ ತೋರಿಸುತ್ತೇನೆ ಅಂತ ಮಾದಯ್ಯ ಮನಸ್ಸಿನಲ್ಲೇ ಅಂದುಕೊಂಡು ಬಸ್ಸು ಹತ್ತಿದ. ಹೇಗೆ ಅಂತ ಗೊತ್ತಿರಲಿಲ್ಲ. ಮಿಷನ್ನು ಯಾವ ಗುಜರಿ ಸೇರಿತೋ.

ಹೇಗೆ ಅಂತ ಹೇಳಿಕೊಟ್ಟವಳು ನಯನ. ಅವಳು ಊರಿನ ಮುದ್ದಮ್ಮನ ಸೊಸೆ. ಮಳವಳ್ಳಿಯಲ್ಲಿ ಮದುವೆ ಕಾರ್ಡು, ಫ್ಲೆಕ್ಸು ಮಾಡುವ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಅವಳೇ ಮನೆಗೆ ಬಂದು, ಗಾಜನ್ನು ಬೆಳಗಿನ ಕಿಟಕಿಗೆ ಒರಗಿಸಿ, ಉಸಿರು ಬಿಗಿಹಿಡಿದು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಆಮೇಲೆ ಅಂಗಡಿಯಲ್ಲಿ ಮಾದಯ್ಯನನ್ನು ಪಕ್ಕ ಕೂರಿಸಿಕೊಂಡು ಸ್ಲೈಡು ಮಾಡಿದಳು.

"ಇದುನ್ನೂ ಸ್ಲೈಡೇ ಅಂತಾರಾ ಕಣವ್ವ?"

"ಊಂ ತಾತ, ಇದುಕ್ಕೂ ಅದೇ ಎಸ್ರು."

"ಗಾಜಿಲ್ಲ, ಮಸಿ ಇಲ್ಲ. ಎಸ್ರು ಮಾತ್ರ ಉಳ್ಕಂಡದೆ." ಅವನಿಗೆ ಯಾಕೋ ಖುಷಿಯಾಯಿತು. "ನಡುವಿಗೆ ತಗೊ. ಇನ್ನೊಂದ್ ಚೂರು ಎಡಕ್ಕೆ."

"ನಡುವೇ ಅದೆ ತಾತ."

"ಇಲ್ಲ, ಕೂದ್ಲೆಳೆ ಬಲಕ್ಕದೆ." ಅವನು ಗೇಣು ಹಾಕಿ ತೆರೆಯನ್ನು ಅಳೆದ. ಅವಳು ನಗುತ್ತ ಸರಿಸಿದಳು. ಗಿಣಿಯ ಕೆಳಗೆ ತನ್ನಲ್ಲಿದ್ದ ಚಂದದ ಅಕ್ಷರದಲ್ಲಿ ಯೋಗಾನರಸಿಂಹರ ಹೆಸರು ಬರೆದು, ಹಿಂದೆ ನಾದಸ್ವರ ಸೇರಿಸಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. "ತಾತ, ನನ್ ಕಂಪ್ಯೂಟ್ರು ಅಳೇದು. ಇಲ್ಲಿ ಚೆಂದಾಗಿರೋದು ಇನ್ನೊಂದ್ರಲ್ಲಿ ಅಂಗೇ ಇರ್ತದೆ ಅಂತ ಯೇಳಕ್ಕಾಗಲ್ಲ. ಮಂಡ್ಯಕ್ಕೋಗೋಕ್ ಮುಂಚೆ ಬ್ಯಾರೆ ಕಡೆ ಒಂದ್ಸತಿ ಆಕಿ ನೋಡ್ಕಳಿ."

ಮಾದಯ್ಯ ಅದನ್ನು ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಗೆ ತಾಗದಂತೆ ಇಟ್ಟುಕೊಂಡ. ಕಡ್ಡಿಪೆಟ್ಟಿಗೆಗಿಂತ ಹಗುರ. ಗಾಜಿನ ಪೆಟ್ಟಿಗೆ ಹೊತ್ತರೆ ಹೆಗಲು ಬಾತುಕೊಳ್ಳುತ್ತಿತ್ತು. ಇದರೊಳಗೆ ಗಿಣಿ ಹೇಗೆ ರೆಕ್ಕೆ ಮಡಿಸಿ ಕೂತಿದೆಯೋ ಅಂತ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದ. ಆಲೆಮನೆಯ ಹೊಗೆ ಸಿಹಿಯಾಗಿ ಒಳಬಂತು. ನಾಲೆಯ ನೀರು ಬಸ್ಸಿನ ಜೊತೆಯೇ ಓಡುತ್ತಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕಣ್ಣು ಮುಚ್ಚಿದರೆ ಟೆಂಟು, ತೆರೆದರೆ ಕಬ್ಬು. ಸ್ವಲ್ಪ ಹೊತ್ತಿಗೆ ಕಬ್ಬಿನ ಗದ್ದೆಯೊಳಗೇ ಟೆಂಟು ಎದ್ದಿತ್ತು, ಜನರೆಲ್ಲ ಗರಿಗಳ ನಡುವೆ ಕೂತು ಮುಖ ಮೇಲೆತ್ತಿದ್ದರು, ಯೋಗಾನರಸಿಂಹರು ಮಿಷನ್ನಿನ ಹಿಂದಿನಿಂದ "ಬಂತೇನೋ?" ಅಂತ ಕೇಳುತ್ತಿದ್ದರು. "ಬಂತು ಸ್ವಾಮಿ" ಅಂತ ಹೇಳುವಷ್ಟರಲ್ಲಿ ಕಂಡಕ್ಟರು ಮದ್ದೂರು, ಮದ್ದೂರು ಅಂತ ಕೂಗಿದ.

ಮದ್ದೂರಿನಲ್ಲಿ ಮಾದಯ್ಯನ ಹೆಂಡತಿಯ ತಮ್ಮ ಚಲುವರಾಜು ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ ಇಟ್ಟಿದ್ದಾನೆ. ಅವನ ಕಂಪ್ಯೂಟರು ಹೊಸದು, ಅಗಲವಾದದ್ದು. ಪೆನ್‌ಡ್ರೈವು ಚುಚ್ಚಿ ತೆರೆದವನೇ ಹೊಟ್ಟೆ ಹಿಡಿದುಕೊಂಡ.

"ಭಾವಾ, ಇದೇನ್ ಯೋಗಾನರಸಿಂಹರ ಎಸರಾ, ಎಳ್ಳು ಚೆಲ್ಲಿರದಾ?"

ನಿಜ. ನಯನಳ ಚಂದದ ಅಕ್ಷರಗಳಿದ್ದ ಕಡೆ ಇಂಗ್ಲಿಷಿನ ಚೂರು, ಕೊಂಡಿ, ಚುಕ್ಕೆ, ಎಲ್ಲ ಕಲಸಿ ಬಿದ್ದಿದ್ದವು. ನಾದಸ್ವರವೂ ಇಲ್ಲ. ಮಾದಯ್ಯ ತೆರೆಗೆ ಕಿವಿ ಹಚ್ಚಿದ.

"ಓಲಗ್ದೋರು ಮಳವಳ್ಳೀಲೇ ಉಳ್ಕಂಡವ್ರೆ ಭಾವ, ಬಸ್ಸು ಸಿಕ್ಕಿಲ್ಲ," ಅಂದ ಚಲುವರಾಜು. "ಆಯಮ್ಮ ಹಾಡು ಎಲ್ಲೈತೆ ಅಂತ ಗುರುತು ಮಾತ್ರ ಕಳಿಸವ್ಳೆ, ಹಾಡು ಅವಳ ಕಂಪ್ಯೂಟ್ರಲ್ಲೇ ಅದೆ. ಅಕ್ಸರಾನೂ ಅಷ್ಟೇಯ. ಅವಳತ್ರ ಇರೋ ಅಕ್ಸರದ ಅಚ್ಚು ನನ್ನತ್ರ ಇಲ್ಲ. ಇಲ್ಲದ ಅಚ್ಚಲ್ಲಿ ಬೆಲ್ಲ ಉಯ್ಯಕ್ಕಾದದಾ?"

"ಕೆಟ್ಟೋಯ್ತೇನ್ಲಾ ಅಂಗಾದ್ರೆ?"

"ಅಯ್, ಕೆಡಾದೇನ್ ಬಂತು. ಕಾಫಿ ಕುಡಿ."

ಅವನು ನಯನಳಿಗೆ ಫೋನು ಮಾಡಿದ. ಅವಳು ಅಲ್ಲಿಂದಲೇ ಅಕ್ಷರದ ಅಚ್ಚನ್ನೂ ಹಾಡನ್ನೂ ಕಳಿಸಿದಳು. ಇಬ್ಬರೂ ಫೋನಿನಲ್ಲೇ, ಎರಡು ಊರಲ್ಲಿ ಕೂತು, ಒಂದು ಗಿಣಿಯನ್ನು ಮಾತಾಡಿಸಿದರು. ಚಲುವರಾಜು ಹೆಸರನ್ನು ಚಿತ್ರವಾಗಿಯೇ ಮಾಡಿಬಿಟ್ಟ. ಇನ್ನು ಯಾವ ಕಂಪ್ಯೂಟರೂ ಅದನ್ನು ಬೇರೆ ಥರ ಓದುವ ಹಾಗಿಲ್ಲ. ಹಾಡನ್ನು ಸ್ಲೈಡಿನ ಒಳಗೇ ಹೂತ. ಅಗಲದ ತೆರೆಗೆ ತಕ್ಕಂತೆ ಬದಲಿಸಿದ. ಮಾದಯ್ಯ ಎದ್ದು ಬಂದು ಇಲ್ಲೂ ಗೇಣು ಹಾಕಿದ.

"ಲೇ ಚಲುವ, ನಡುವಿಗೆ ತಗೊಳ್ಳಾ. ಗಿಣಿ ಬಲಕ್ಕೆ ವಾಲದೆ."

"ಭಾವಾ, ನೀನು ನಮ್ಮಕ್ಕುನ್ ಮದ್ವೇಲಿ ತಾಳಿನೂ ಗೇಣಾಕೇ ಕಟ್ಟಿದ್ಯಂತೆ, ನಿಜ್ವಾ?"

"ನಡುವಲ್ಲೇ ಅದೆ, ಇವತ್ತಿಗೂ. ಓಗಿ ನೋಡು."

ಹೊಸ ಸ್ಲೈಡನ್ನು ಪೆನ್‌ಡ್ರೈವಿನಲ್ಲಿ ಹಳೆಯದರ ಪಕ್ಕದಲ್ಲೇ ಇಟ್ಟು ಕೊಟ್ಟು ಚಲುವರಾಜು ಬಸ್ಸು ಹತ್ತಿಸಿದ.

ಶಾಂತಿಯ ದಿನ ಮಂಡ್ಯದ ಒಂದು ಸಣ್ಣ ಛತ್ರ ತುಂಬಿತ್ತು. ಹೋಮ ಮುಗಿಯಿತು. ಮಕ್ಕಳು ಜರಡಿಯಿಂದ ನೀರು ಹುಯ್ದು ದಂಪತಿಯನ್ನು ಮೀಯಿಸಿದರು. ಹೊಸ ಪಂಚೆ ಉಟ್ಟು ಹಣೆಗೆ ಗಂಧ ಇಟ್ಟುಕೊಂಡ ಯೋಗಾನರಸಿಂಹರು ಬೆಳ್ಳಿಯ ಚಂದ್ರನನ್ನು ಅಂಗೈಯಲ್ಲಿ ತಡವಿ ನೋಡಿದರು. ಊಟವಾಗಿ, ಎಲೆಅಡಿಕೆಯಾಗಿ, ಹಿರಿಯರೆಲ್ಲ ಗೋಡೆಗೆ ಒರಗಿ ತೂಕಡಿಸುವ ಹೊತ್ತಿಗೆ ಮಾದಯ್ಯ ಸಂಚಿಯಿಂದ ಪೆನ್‌ಡ್ರೈವು ತೆಗೆದು ಯೋಗಾನರಸಿಂಹರ ಮೊಮ್ಮಗಳು ಸಿಂಧುವಿನ ಕೈಗೆ ಕೊಟ್ಟ. ಸಿಂಧು ಕಾಲೇಜಿನಲ್ಲಿ ಪಾಠ ಹೇಳುವವಳು.

"ತಾಯಿ, ಇದ್ರಲ್ಲಿ ನಿಮ್ಮಜ್ಜಿ ಗಿಣಿ ಅದೆ. ನಿಮ್ ತಾತನಿಗೆ ತೋರಿಸ್ಬೇಕು."

"ಅಜ್ಜಿ ಚಿತ್ರ ಬರೀತಿದ್ರಾ?" ಸಿಂಧು ಕಣ್ಣರಳಿಸಿದಳು. ಶ್ರೀಮತಮ್ಮ ಸೆರಗು ಬಾಯಿಗೆ ಹಿಡಿದು, "ಅಯ್ಯೋ ಮಾದಯ್ಯ, ಆ ಕಾಗೇನ ಇನ್ನೂ ಇಟ್ಕೊಂಡಿದ್ದೀಯಾ!" ಅಂದರು.

ಕಿಟಕಿಗೆಲ್ಲ ಪರದೆ ಎಳೆದು, ಛತ್ರದ ಪ್ರೊಜೆಕ್ಟರಿನ ಎದುರಿಗೆ ಬಿಳಿ ತೆರೆ ಇಳಿಸಿದರು. ಮಧ್ಯಾಹ್ನವೇ ಸಂಜೆಯಾಯಿತು. ಯೋಗಾನರಸಿಂಹರನ್ನು ತೆರೆಯ ಎದುರಿಗೆ, ಸರಿಯಾಗಿ ನಡುವೆ, ಕುರ್ಚಿ ಹಾಕಿ ಕೂರಿಸಿದರು. ಮಾದಯ್ಯ ಅವರ ಕಾಲ ಬಳಿ ನೆಲದ ಮೇಲೆ ಕೂತ. ಛತ್ರದವರ ಹಳೆಯ ಕಂಪ್ಯೂಟರಿಗೆ ಸಿಂಧು ಪೆನ್‌ಡ್ರೈವು ಹಾಕಿ ಮೊದಲು ಕಂಡದ್ದನ್ನು ತೆರೆದಳು.

ತೆರೆಯ ನಡುವೆ ಚೆಲ್ಲಿದ ಎಳ್ಳು. ಗಿಣಿ ಮಾತ್ರ ಎಲ್ಲೆಲ್ಲೋ. ಬಲಗಡೆಗೆ ಜಾರಿ, ಹಿಗ್ಗಿ, ಮನುಷ್ಯನಿಗಿಂತ ದೊಡ್ಡದಾಗಿ ತೆರೆಯ ಅಂಚಿಗೆ ಕೂತು, ಒಂದು ರೆಕ್ಕೆಯನ್ನು ಆಚೆ ಸುಣ್ಣದ ಗೋಡೆಯ ಮೇಲೆ ಚಾಚಿತ್ತು. ನಿದ್ದೆಗಣ್ಣಿನವರೆಲ್ಲ ಎದ್ದು ನಕ್ಕರು. "ಹಾರಿ ಹೋಗ್ತಿದೆ, ಹಿಡ್ಕೊಳ್ರೋ!" ಅಂದರು ಯಾರೋ.

ಮಾದಯ್ಯನ ಕಿವಿ ಬಿಸಿಯಾಯಿತು. ಪಕ್ಕೆಗೆ ಮೊಣಕೈ ಬಿದ್ದಂತಾಯಿತು. "ತಾಯಿ, ಅದು ಅಳೇದು. ಇನ್ನೊಂದದೆ, ನಡುವಿಗೆ ಬರೋದು!"

"ಗಾಬರಿ ಆಗ್ಬೇಡಿ. ನನಗೆ ದಿನಾ ಇದೇ ಪಾಡು. ಒಂದೊಂದು ಕ್ಲಾಸಿನ ಕಂಪ್ಯೂಟರಿಗೆ ಒಂದೊಂದು ಬುದ್ಧಿ." ಸಿಂಧು ತನ್ನ ಲ್ಯಾಪ್‌ಟಾಪು ತಂದು, ವೈರು ಬದಲಿಸಿ, ಚಲುವರಾಜು ಮಾಡಿದ್ದನ್ನು ತೆರೆದಳು.

ನಾದಸ್ವರ ಎದ್ದಿತು. ಗಿಣಿ ತೆರೆಯ ನಟ್ಟನಡುವೆ ಬಂದು ನಿಂತಿತು. ಕೂದಲೆಳೆ ಅತ್ತಿತ್ತ ಇಲ್ಲ. ಹೆಸರು ಮುತ್ತಿನಂತೆ. ಛತ್ರದ ತುಂಬ "ಆಹಾ" ಅಂದರು. ಹಸಿರು ಬೆಳಕು ಎಲ್ಲರ ಮುಖದ ಮೇಲೆ ಇಳಿಯಿತು, ಥೇಟು ಅವತ್ತಿನ ಹಾಗೆಯೇ. ಮಾದಯ್ಯ ಕತ್ತೆತ್ತಿ ಯೋಗಾನರಸಿಂಹರನ್ನು ನೋಡಿದ.

ಅವರ ಮುಖವೂ ಹಸಿರಾಗಿತ್ತು. ಕಣ್ಣು ಅಗಲವಾಗಿ ತೆರೆದು ತೆರೆಯನ್ನೇ ನೋಡುತ್ತಿದ್ದರು. ನಾದಸ್ವರ ಅರ್ಧ ಮುಗಿಯಿತು. ಅವರು ಬಗ್ಗಿ, ಮಾದಯ್ಯನ ಭುಜ ಹುಡುಕಿ ಕೈ ಇಟ್ಟು, ಬೇರೆ ಯಾರಿಗೂ ಕೇಳದ ಹಾಗೆ ಅಂದರು. "ಗಿಣಿ ಯಾವಾಗ ಬರುತ್ತೋ?"

ಮಾದಯ್ಯ ತೆರೆಯತ್ತ ಕೈ ತೋರಿಸಿದ. "ಬಂದದೆ ಸ್ವಾಮಿ. ಎದ್ರಿಗೇ ಅದೆ."

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಡಿಯಲು ಹೋದಂತೆ ಮತ್ತೆ ನಡುವಿಗೆ ತಿರುಗಿದರು. ಕಣ್ಣು ಅಟ್ಟಿಸಿಕೊಂಡು ಹೋದಲ್ಲೆಲ್ಲ ಬೂದಿ ಗುಡ್ಡೆಯೂ ಜೊತೆಗೇ ಹೋಗುತ್ತಿತ್ತೋ ಏನೋ. ಕೊನೆಗೆ ಕೈ ಮಡಿಲಿಗೆ ತೆಗೆದುಕೊಂಡರು. ಶ್ರೀಮತಮ್ಮ ಗಂಡನ ಮುಖವನ್ನೂ ನೋಡಲಿಲ್ಲ, ಗಿಣಿಯನ್ನೂ ನೋಡಲಿಲ್ಲ, ನೆಲ ನೋಡಿದರು.

ಮಾದಯ್ಯನಿಗೆ ಎರಡು ಊರಿನಲ್ಲಿ ತಾನು ಹಾಕಿದ ಗೇಣು ನೆನಪಾಯಿತು. ನಡುವಿಗೆ, ನಡುವಿಗೆ ಅಂತ ಪೀಡಿಸಿ, ಅವರ ಕಣ್ಣಿನ ಗುಂಡಿಗೇ ಗಿಣಿಯನ್ನು ಗುರಿಯಿಟ್ಟು ಇಳಿಸಿದ್ದ.

"ಹೋಗಲಿ ಬಿಡೋ," ಅಂದರು ಯೋಗಾನರಸಿಂಹರು. "ನಾದಸ್ವರ ಕೇಳಿದ್ನಲ್ಲ. ಮೊದಲು ಒಂದು ಸಲ ಕಿಟಕಿ ತೆಗೆದಿದ್ರಲ್ಲ, ಆ ಮರ ಚೆನ್ನಾಗಿತ್ತು. ಬಾಳೆಯೋ ಏನೋ, ಒಳ್ಳೆ ಹಸಿರು. ಯಾಕೆ ಮುಚ್ಚಿಬಿಟ್ರಿ?"

ಕಿಟಕಿ ಯಾರೂ ತೆಗೆದಿರಲಿಲ್ಲ. ಬಲಗಡೆ ಇದ್ದದ್ದು ಸುಣ್ಣದ ಗೋಡೆ.

ಮಾದಯ್ಯ ಮೊಣಕಾಲೂರಿ ಎದ್ದ. "ತಾಯಿ, ಆ ಕೆಟ್ಟಿತ್ತಲ್ಲ, ಅದುನ್ನೇ ಆಕವ್ವ."

"ಅದು ತಪ್ಪು ಬರುತ್ತಲ್ಲ ಮಾದಯ್ಯ?"

"ತಪ್ಪೇ ಬೇಕು. ಬಿರ್ರನೆ ಆಕು."

ಸಿಂಧುವಿಗೆ ಒಂದು ಕ್ಷಣ ತಿಳಿಯಲಿಲ್ಲ. ತಾತನ ಮುಖ, ಗೋಡೆ, ಮತ್ತೆ ತಾತನ ಮುಖ ನೋಡಿದಳು. ತಿಳಿಯಿತು. ತನ್ನ ಲ್ಯಾಪ್‌ಟಾಪಿನಲ್ಲೇ ಹಳೆಯದನ್ನು ತೆರೆದಳು. ಅಕ್ಷರ ಎಳ್ಳಾಯಿತು, ಸರಿ. ಆದರೆ ಗಿಣಿ ನಡುವೆಯೇ ಬಂದು ಕೂತಿತು. ಮುಚ್ಚಿ ಮತ್ತೆ ತೆರೆದಳು. ಆಗಲೂ ನಡುವೆಯೇ.

"ಅಯ್ಯೋ, ನನ್ನದ್ರಲ್ಲಿ ಇದು ಕೆಡೋದೇ ಇಲ್ವಲ್ಲಪ್ಪ!"

"ಕೆಡಕ್ಕೂ ಋಣ ಇರ್ಬೇಕು ಕಣೇ," ಅಂದರು ಶ್ರೀಮತಮ್ಮ. ಜನ ನಕ್ಕರು, ಆದರೆ ಮೆತ್ತಗೆ.

ವೈರು ಕಿತ್ತು ಛತ್ರದ ಹಳೆಯ ಕಂಪ್ಯೂಟರಿಗೇ ಹಾಕಿದಳು. ಅದು ಅಷ್ಟರಲ್ಲಿ ಮಲಗಿಬಿಟ್ಟಿತ್ತು. ಎಬ್ಬಿಸಿದರೆ ಮೈಮುರಿಯುತ್ತ, ಗುರುಗುಟ್ಟುತ್ತ, ನೀಲಿ ತೆರೆ ತೋರಿಸುತ್ತ ಕೂತಿತು. ಕಾಯುವುದು ಮಾದಯ್ಯನಿಗೆ ಹೊಸದಲ್ಲ. ರೀಲು ತುಂಡಾದಾಗ, ಡೈನಮೋ ನಿಂತಾಗ, ಟೆಂಟಿನ ಕತ್ತಲೆಯಲ್ಲಿ ಹೀಗೆಯೇ ಬೆಳಕಿಗೆ ಕಾಯುತ್ತಿದ್ದರು. ಹಸುಗೂಸುಗಳ ಉಸಿರು ಕೇಳುತ್ತಿತ್ತು. ಈಗ ಮುದುಕರ ಉಸಿರು.

"ಸ್ವಾಮಿ, ಕಣ್ಣು ನಡುವಲ್ಲೇ ಮಡೀಕಳಿ," ಅಂದ ಅವನು, ಮತ್ತೆ ಅವರ ಕಾಲ ಬಳಿ ಕೂತು. "ಟೆಂಟಲ್ಲಿ ನೋಡ್ತಿದ್ರಲ್ಲ, ಅಂಗೆ. ಏನ್ ಬಂದ್ರೂ ತಿರುಗ್ಬ್ಯಾಡಿ. ಅದಾಗೇ ಬಂದು ಕೂತ್ಕಂತದೆ."

ಯೋಗಾನರಸಿಂಹರು ಬೆನ್ನು ನೆಟ್ಟಗೆ ಮಾಡಿ ಕೂತರು. ಆಪರೇಟರಾಗಿ ಕೂತರು ಅನ್ನಿ.

ಬಂತು. ನಡುವೆ ಎಳ್ಳು, ಬಲಗಡೆಗೆ, ಅರ್ಧ ತೆರೆ, ಅರ್ಧ ಗೋಡೆ ಹಿಡಿದು, ಹಸಿರು.

ಅವರು ಕಣ್ಣು ತಿರುಗಿಸಲಿಲ್ಲ.

"ರೆಕ್ಕೆ," ಅಂದರು. ಆಮೇಲೆ, "ಕೊಕ್ಕು. ಶ್ರೀಮತೀ, ಕೊಕ್ಕು ಎಷ್ಟು ಕೆಂಪಾಗಿದೆಯೇ!"

"ಅದು ನನ್ನ ಉಗುರುಬಣ್ಣ," ಅಂದರು ಶ್ರೀಮತಮ್ಮ. "ಮದುವೆಗೆ ಅಂತ ಅಕ್ಕ ಕೊಟ್ಟಿದ್ಳು. ನಿಮ್ಮಮ್ಮ ನೋಡಿ ಮುಖ ಗಂಟು ಹಾಕಿದ್ರು. ಉಗುರಿಗೆ ಹಚ್ಚೋ ಹಾಗಿಲ್ಲ, ಬಿಸಾಡೋಕೆ ಮನಸ್ಸಿಲ್ಲ. ಶೀಶೆ ಪೂರ್ತಿ ಅದರ ಮೂತಿಗೆ ಬಳಿದೆ."

"ನನಗೆ ಹೇಳ್ಲೇ ಇಲ್ಲ."

"ನೀವು ನಡು ಸರಿಯಾಗಿದೆಯಾ ಅಂತ ಕೇಳಿದ್ರಿ, ಬಣ್ಣ ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ."

ಅವರು ನಕ್ಕರು, ಹಾಗೆ ನೋಡುತ್ತಲೇ. ಶ್ರೀಮತಮ್ಮ ಎದ್ದು ಕುರ್ಚಿಯ ಬಲಕ್ಕೆ ಬಂದು ನಿಂತರು, ತೆರೆಗೆ ಅಡ್ಡವಾಗದ ಹಾಗೆ, ಆದರೆ ಅಂಚಿಗೆ ಸಿಗುವ ಹಾಗೆ.

"ತೆಗೀಲಾ?" ಅಂತ ಸಿಂಧು ಪಿಸುಗುಟ್ಟಿದಳು.

ಮಾದಯ್ಯನ ಕೈ ತಾನಾಗಿ ಮೇಲೆದ್ದಿತ್ತು. ಟೆಂಟಿನಲ್ಲಿ ಗಾಜನ್ನು ಬಹಳ ಹೊತ್ತು ಬಿಡುವ ಹಾಗಿರಲಿಲ್ಲ. ಮಿಷನ್ನಿನ ದೀಪದ ಕಾವಿಗೆ ಬಣ್ಣ ಕರಗಿ, ಚಟ್ ಅಂತ ಸೀಳು ಬಿಡುತ್ತಿತ್ತು. ಎಷ್ಟು ಚೆನ್ನಾಗಿದ್ದರೂ ಜನ ಕಣ್ತುಂಬ ನೋಡುವ ಮುಂಚೆ ಎಳೆದುಬಿಡಬೇಕಿತ್ತು. ಅವನು ಕೈ ಇಳಿಸಿ, ಮಡಿಲಲ್ಲಿ ಇಟ್ಟುಕೊಂಡ.

"ಇದು ಬಿಸಿಯಾಗಿ ಒಡೀತದಾ ತಾಯಿ?"

"ಇಲ್ಲ. ಎಷ್ಟೊತ್ತಾದ್ರೂ ಇರುತ್ತೆ."

"ಇರ್ಲಿ ಬುಡವ್ವ ಅಂಗಾದ್ರೆ," ಅಂದ ಮಾದಯ್ಯ.